ಹಲ್ಲಿ ಲೊಚಗುಟ್ಟುತ್ತೆ ಅಂತ ಅಣ್ಣನಿಗೆ ಗೊತ್ತಿರಲಿಲ್ಲ

ಹುಟ್ಟಿನಿಂದ ಕಿವಿ ಕೇಳದ ನನ್ನಣ್ಣ ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರ. ಷರಾ, ಹಿಂಬರಹ, ಅನುಪಾಲನಾ ವರದಿ ಇವೆಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ನನಗೆ ತಲೆಗೆ ಹತ್ತುವುದಿಲ್ಲ.

ಒಂದು ಪದ ಎಷ್ಟು ಪರಿಚಿತ ಅಂತ ತಿಳಿಯಲು ಸಂಶೋಧಕರು ಜನರಿಂದ 1ರಿಂದ 7ರವರೆಗೆ ಅಂಕ ಹಾಕಿಸುತ್ತಾರೆ. ಆ ಆಟವನ್ನು ಮನೆಯಲ್ಲೂ ಆಡಿದೆವು. ಪತ್ರಿಕೆಯ ಪದಗಳಲ್ಲಿ ಅಣ್ಣನೇ ಮುಂದೆ. ತಡವರಿಸಿದ್ದು ಅಜ್ಜಿಯ ಪದಗಳಲ್ಲಿ: ಗೊಣಗು, ಮುಲುಗು, ವಟಗುಟ್ಟು, ಲೊಚಗುಟ್ಟು. ಕೊನೆಯದಕ್ಕೆ 1 ಹಾಕಿ, ಏನಿದು ಅಂತ ಕೈ ತಿರುಗಿಸಿದ. ಗೋಡೆ ಮೇಲಿನ ಹಲ್ಲಿ ತೋರಿಸಿದೆ. ಅದು ಸದ್ದು ಮಾಡುತ್ತದೆ ಅನ್ನುವುದೇ ಅವನಿಗೆ ಹೊಸದು! ಅಮ್ಮ ಮಾತಿನ ನಡುವೆ ನೆಲ ಕುಟ್ಟಿ 'ಕೃಷ್ಣ ಕೃಷ್ಣ' ಅನ್ನುವುದನ್ನು ಚಿಕ್ಕಂದಿನಿಂದ ನೋಡಿದ್ದಾನೆ. ಅದು ಅಮ್ಮನ ಚಾಳಿ ಅಂದುಕೊಂಡಿದ್ದನಂತೆ.

ಈ ಪದಗಳನ್ನು ನನಗೂ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಅಡುಗೆಮನೆ, ಬಸ್ಸು, ಪಕ್ಕದ ಮನೆಯ ಜಗಳ, ಹೀಗೆ ಹೋಗ್ತಾ ಬರ್ತಾ ಕಿವಿಗೆ ಬಿದ್ದವು. ಅವನ ಕನ್ನಡವೆಲ್ಲ ಬಂದಿದ್ದು ಅಚ್ಚಿನಿಂದ. ನಮ್ಮಲ್ಲಂತೂ ಅಚ್ಚಾಗುವ ಕನ್ನಡವೇ ಬೇರೆ, ಆಡುವ ಕನ್ನಡವೇ ಬೇರೆ. 'ಪಾಪ, ಅವನಿಗೆ ಭಾಷೆ ಕಡಿಮೆ' ಅನ್ನುವ ನೆಂಟರಿಗೆ ಇದು ಹೊಳೆಯುವುದಿಲ್ಲ.

ತುಟಿ ನೋಡಿ ಕಲಿಯಬಹುದಲ್ಲ ಅಂತಾರೆ. ಕನ್ನಡಿ ಮುಂದೆ ನಿಂತು ಸದ್ದಿಲ್ಲದೆ 'ಮಳೆ', 'ಬಳೆ' ಅಂದು ನೋಡಿ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ. ಕ, ಗ ಒಳಗೇ ಉಳಿಯುತ್ತವೆ. ಮೊದಲೇ ಗೊತ್ತಿರುವ ಪದವಾದರೆ ಊಹಿಸಬಹುದು, ಗೊತ್ತಿಲ್ಲದ್ದನ್ನು ಎಲ್ಲಿಂದ ಹೆಕ್ಕುವುದು? ಆದರೂ 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ್ದ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ, ಕಲಿಸಲು ಸಂಜ್ಞೆಗಿಂತ ಮಾತೇ ಮೇಲು ಅಂತ ನಿರ್ಣಯಿಸಿದ ಮೇಲೆ ಎಷ್ಟೋ ದೇಶಗಳ ಶಾಲೆಗಳು ಅದೇ ದಾರಿ ಹಿಡಿದವು. ಅಣ್ಣನ ಶಾಲೆಯಲ್ಲೂ ಕೈಯಾಡಿಸಿದರೆ ಏಟು. ಸಂಜ್ಞೆ ಕಲಿತಿದ್ದು ಹಾಸ್ಟೆಲಿನಲ್ಲಿ, ದೊಡ್ಡ ಹುಡುಗರಿಂದ, ವಾರ್ಡನ್ ಮಲಗಿದ ಮೇಲೆ.

ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ನಿಘಂಟು ತಂದಿತು. 2021ರ ಹೊತ್ತಿಗೆ ಅದು 10,000 ಆಯಿತು. ಅಣ್ಣ ಅದರ ವಿಡಿಯೊ ನೋಡುತ್ತಾ 'ನಾವು ಹೀಗೆ ಮಾಡಲ್ಲ' ಅಂತ ತಕರಾರು ತೆಗೆಯುತ್ತಾನೆ. (ಊರಿಂದೂರಿಗೆ ಸಂಜ್ಞೆಯೂ ಬದಲಾಗುತ್ತೆ.)

ನನಗೆ ಬೇಕಿರುವುದು ಇನ್ನೊಂದು: ಕನ್ನಡ ಧಾರಾವಾಹಿಗಳಿಗೆ ಕನ್ನಡದಲ್ಲೇ ಅಡಿಬರಹ. ಅತ್ತೆ ಸೊಸೆ ಬೈದಾಡಿಕೊಂಡಿದ್ದು ಬೈದಾಡಿಕೊಂಡ ಹಾಗೇ ಬರಬೇಕು, ಯಾರೂ ಅದನ್ನು ಪಠ್ಯಪುಸ್ತಕದ ಭಾಷೆಗೆ ತಿದ್ದಬಾರದು.