ಅಜ್ಜಿ ಪಾಸ್ ಆಗ್ತಾರಾ?

ಹೋದ ವಾರ ರಾತ್ರಿ ಊಟ ಮುಗಿಸಿ, ಸ್ವಿಸ್ ಪೌರತ್ವದ ಭಾಷಾ ಪರೀಕ್ಷೆಗೆ ಅಂತ ಜರ್ಮನ್ ಪುಸ್ತಕ ಹಿಡಿದು ಕೂತಿದ್ದೆ. ಒಂಬತ್ತು ವರ್ಷದ ಮಗಳು ಇಣುಕಿ ನೋಡಿ, "ಅಮ್ಮಾ, ಕೋಲಾರದ ಅಜ್ಜಿ ಈ ಪರೀಕ್ಷೆ ಬರೆದ್ರೆ ಪಾಸ್ ಆಗ್ತಾರಾ?" ಅಂದಳು.

ಸ್ವಿಟ್ಜರ್ಲೆಂಡಿಗೆ ನಾಲ್ಕು ರಾಷ್ಟ್ರಭಾಷೆ: ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್. ಪೌರತ್ವಕ್ಕೆ ಸಾಮಾನ್ಯವಾಗಿ ಹತ್ತು ವರ್ಷದ ವಾಸ ಬೇಕು, ಒಂದು ರಾಷ್ಟ್ರಭಾಷೆಯೂ ಬರಬೇಕು. 2018ರಲ್ಲಿ ಬಂದ ಕಾನೂನಿನ ಪ್ರಕಾರ ಮಾತಿನಲ್ಲಿ ಬಿ1 ಮಟ್ಟ, ಅಂದರೆ ದಿನದ ವ್ಯವಹಾರಕ್ಕೆ ಸಾಲುವಷ್ಟು; ಬರಹದಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎ2. ಜ್ಯೂರಿಕ್ ಕಡೆ ಇರುವ ನಮಗೆ ಜರ್ಮನ್. ಅದೂ ಪುಸ್ತಕದ ಜರ್ಮನ್. ಪಕ್ಕದ ಮನೆಯವರು ಆಡುವ ಸ್ವಿಸ್ ಜರ್ಮನ್ನೇ ಬೇರೆ.

ಅಮ್ಮನದು ಹೆಬ್ಬೆಟ್ಟು. ಬರಹದಲ್ಲಿ ಫೇಲ್. ಮಗಳಿಗೆ ಹಾಗೆ ಹೇಳೋಕೆ ಬಾಯಿ ಬರಲಿಲ್ಲ.

ನಮ್ಮ ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ಟೊಮೆಟೊ ಮಂಡಿಯಲ್ಲಿ ಅಮ್ಮನನ್ನು ನೋಡಬೇಕಿತ್ತು. ಕೆಜಿಎಫ್ ಕಡೆಯ ವ್ಯಾಪಾರಿ ಬಂದರೆ ತಮಿಳು. ಗಾಡಿಯವರ ಹತ್ತಿರ ಉರ್ದು. ಬಾಕ್ಸಿಗೆ ಹತ್ತು ರೂಪಾಯಿ ಕಮ್ಮಿ ಅಂದರೆ ಮಾತ್ರ ತೆಲುಗಿನಲ್ಲೇ ಜಗಳ. "ಇದೆಲ್ಲ ಯಾವಾಗ ಕಲಿತೆ?" ಅಂತ ಕೇಳಿದರೆ, "ಕಲಿಯೋದೇನೇ, ಅವರು ಆಡ್ತಾರೆ, ನಾನೂ ಆಡ್ತೀನಿ" ಅನ್ನುತ್ತಿದ್ದಳು.

ನಮ್ಮ 1955ರ ಪೌರತ್ವ ಕಾಯ್ದೆಯಲ್ಲೂ ಭಾಷೆಯ ಮಾತಿದೆ. ಹೊರದೇಶದವರು ಅರ್ಜಿ ಹಾಕಿ ಭಾರತದ ಪೌರರಾಗಬೇಕಾದರೆ ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ತಕ್ಕಮಟ್ಟಿಗೆ ಬರಬೇಕು. ಅದರಲ್ಲಿ 22 ಭಾಷೆಗಳಿವೆ. ಕನ್ನಡ ಒಂದೇ ಬಂದರೂ ಸಾಕು! ಅಮ್ಮನಿಗೆ ಬರುವ ನಾಲ್ಕೂ ಆ ಪಟ್ಟಿಯಲ್ಲಿವೆ.

ಕಳೆದ ಸಲ ಊರಿಗೆ ಹೋದಾಗ ಅವಳ ಜೊತೆ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗನಿಗೆ ಹಿಂದಿ ಬಿಟ್ಟು ಬೇರೆ ಬರುತ್ತಿರಲಿಲ್ಲ. ಅಮ್ಮ ಕನ್ನಡದಲ್ಲಿ ಕೇಳಿದಳು. ತೆಲುಗಿನಲ್ಲಿ ಕೇಳಿದಳು. ಕೊನೆಗೆ ಮಂಡಿಯ ಉರ್ದುವಿನಲ್ಲಿ ನಾಲ್ಕು ಮಾತು ಜೋಡಿಸಿದಳು. ಆ ಹುಡುಗ ನಕ್ಕುಬಿಟ್ಟ. ಅಮ್ಮ ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಸುಮ್ಮನಾದಳು. ಮಂಡಿಯಲ್ಲಿ ಯಾರಿಗೂ ಸೋಲದವಳು ಅವಳು. ಅವತ್ತಿನ ಆ ಮುಖ ನನಗೆ ಇನ್ನೂ ಮರೆತಿಲ್ಲ.

ಇಲ್ಲಿ ಊರಿನ ಭಾಷೆ ಕಲಿ ಅಂತ ನನ್ನನ್ನು ಕೇಳುತ್ತಾರೆ. ಕಷ್ಟ ಆದರೂ ನನಗದು ಸರಿ ಅನ್ನಿಸುತ್ತದೆ. ಹೊರಗಿನಿಂದ ಬಂದವಳು ನಾನು, ಕಲಿಯಬೇಕಾದವಳೂ ನಾನೇ. ಆ ಕೌಂಟರಿನ ಹುಡುಗನಿಗೆ ಇಷ್ಟನ್ನು ಯಾರೂ ಯಾಕೆ ಹೇಳಿಕೊಡಲಿಲ್ಲ?

ಭಾನುವಾರ ವಿಡಿಯೋ ಕಾಲ್‌ನಲ್ಲಿ ಮಗಳು, "ಅಜ್ಜಿ, ಗ್ರುಯೆಟ್ಸಿ ಅನ್ನಿ" ಅಂದಳು.

"ಹಂಗಂದ್ರೇನೇ?"

"ನಮಸ್ಕಾರ ಅಂತ."

ಎರಡನೇ ಸಲಕ್ಕೇ ಅಮ್ಮ ಸರಿಯಾಗಿ ಅಂದಳು. ಆಮೇಲೆ ಫೋನನ್ನು ಇನ್ನಷ್ಟು ಹತ್ತಿರ ಹಿಡಿದು, "ಊಟ ಆಯ್ತಾ ಅನ್ನೋಕೆ ಏನಂತಾರೆ?" ಅಂತ ಕೇಳಿದಳು.