ಸೆಟಪ್ ಒತ್ತುವ ಮುನ್ನ ಒಂದು ಬಿಳಿ, ಒಂದು ಕಪ್ಪು

ಲೇಸರ್ ಬೆಳಕಿನಿಂದ ಪೇಪರಿನ ಮೇಲೆ ಫೋಟೋ ಬರೆದು ಕೆಮಿಕಲ್ ಟ್ಯಾಂಕುಗಳಲ್ಲಿ ತೊಳೆಯುವ ಲ್ಯಾಬ್ ಮಶೀನಿನಲ್ಲಿ ಬಣ್ಣ ಆಚೀಚೆ ಆಯಿತೋ, ಕೈ ಹೋಗುವುದು ಪೇಪರ್ ಸೆಟಪ್ ಬಟನ್ ಮೇಲೆ. ಆದರೆ ಸೆಟಪ್ ಮಾಡುವ ಕೆಲಸ ಇಷ್ಟೇ: ಟೆಸ್ಟ್ ಪ್ರಿಂಟಿನ ಬಣ್ಣ ಓದಿ, ಅದಕ್ಕೆ ತಕ್ಕ ಹಾಗೆ ಲೇಸರಿನ ಎಕ್ಸ್‌ಪೋಜರ್ ತಿದ್ದುವುದು. ಕೆಟ್ಟದ್ದು ಕೆಮಿಕಲ್ ಆಗಿದ್ದರೆ ಅದರ ತಪ್ಪನ್ನು ಲೇಸರಿನ ತಲೆಗೆ ಕಟ್ಟಿದಂತಾಗುತ್ತದೆ. ಕೆಮಿಕಲ್ ಸರಿಹೋದ ದಿನ ಬಣ್ಣ ಮತ್ತೆ ಓಡುತ್ತದೆ.

ಮೊದಲು ಟೆಂಪರೇಚರ್. ಕಲರ್ ಪೇಪರ್ ತೊಳೆಯುವ ಪದ್ಧತಿಯಾದ ಆರ್‌ಎ-4ರಲ್ಲಿ ಚಿತ್ರ ಮೂಡಿಸುವ ಡೆವಲಪರ್ 38 ಡಿಗ್ರಿ, ಸಮಯ 45 ಸೆಕೆಂಡು. 0.3 ಡಿಗ್ರಿಗಿಂತ ಹೆಚ್ಚು ಏರಿಳಿತ ಇರಬಾರದು. ಪರದೆಯ ಮೇಲಿನ ಅಂಕಿಯನ್ನೇ ನಂಬಿ ಕೂರಬೇಡಿ, ತೊಳೆದ ಥರ್ಮಾಮೀಟರ್ ಅದ್ದಿ ನೋಡಿ. ಆಮೇಲೆ ಬರೀ ಬಿಳಿ ಫೈಲ್ ಒಂದು, ಬರೀ ಕಪ್ಪು ಫೈಲ್ ಒಂದು ಪ್ರಿಂಟ್ ತೆಗೆಯಿರಿ.

ಬಿಳಿಯೇ ಹಳದಿಗೋ ಗುಲಾಬಿಗೋ ತಿರುಗಿದ್ದರೆ ಸೆಟಪ್‌ನಿಂದ ಅದು ಹೋಗುವುದಿಲ್ಲ. ಬೇರೆ ರೋಲ್ ಹಾಕಿ ನೋಡಿ. ಆಗ ಹೋದರೆ ಹಳೆಯ ಪೇಪರಿನ ದೋಷ ಅಥವಾ ಪೇಪರ್ ರೋಲ್ ಇಡುವ ಪೆಟ್ಟಿಗೆಗೆ, ಅಂದರೆ ಮ್ಯಾಗಜೀನಿಗೆ, ಬೆಳಕು ನುಗ್ಗಿದ್ದು. ಹೋಗದಿದ್ದರೆ ಡೆವಲಪರ್ ಇಲ್ಲವೇ ಕೊನೆಯ ವಾಶ್. ಬಿಳಿ ಚೆನ್ನಾಗಿದ್ದು ಕಪ್ಪು ಮಾತ್ರ ಮಾಸಲಾಗಿಯೋ ಕೆಂಪಾಗಿಯೋ ಬಂದರೆ ಅನುಮಾನ, ಡೆವಲಪರ್ ಆದ ಮೇಲೆ ಪೇಪರಿನ ಬೆಳ್ಳಿ ತೆಗೆಯುವ ಬ್ಲೀಚ್-ಫಿಕ್ಸ್ ಮೇಲೆ. ಆ ಪ್ರಿಂಟನ್ನು ಅರ್ಧಕ್ಕೆ ಕತ್ತರಿಸಿ, ಒಂದು ತುಂಡನ್ನು ಹೊಸದಾಗಿ ಕಲಸಿದ ಬ್ಲೀಚ್-ಫಿಕ್ಸ್‌ನಲ್ಲಿ ಎರಡು ಮೂರು ನಿಮಿಷ ಅದ್ದಿ, ತೊಳೆದು ಒಣಗಿಸಿ ಪಕ್ಕದಲ್ಲಿಡಿ. ಅದ್ದಿದ ತುಂಡಿನ ಕಪ್ಪು ಬೇರೆ ಕಂಡರೆ ಮಾತು ಮುಗಿಯಿತು: ಟ್ಯಾಂಕಿನಲ್ಲಿ ಬ್ಲೀಚ್-ಫಿಕ್ಸ್ ಸೋತಿದೆ, ಟ್ಯಾಂಕಿಗೆ ಹೊಸ ಕೆಮಿಕಲ್ ಸೇರಿಸುವ ರಿಪ್ಲೆನಿಷರ್ ಪಂಪ್ ನೋಡಿ. ಪಂಪಿನ ತುದಿಗೆ ಅಳತೆ ಸಿಲಿಂಡರ್ ಹಿಡಿದು, ಸೆಟ್ ಮಾಡಿದ ಮಿ.ಲೀ. ನಿಜವಾಗಿ ಬೀಳುತ್ತಿದೆಯೇ ಅಳೆಯಿರಿ. ಪೈಪಿನಲ್ಲಿ ಗಾಳಿಗುಳ್ಳೆ ಇದ್ದರೆ ಮಶೀನಿನ ಲೆಕ್ಕ ಸರಿ, ಟ್ಯಾಂಕಿಗೆ ಬಿದ್ದದ್ದು ಅರ್ಧ.

ನಮ್ಮ ಕಡೆಯ ನಿಜವಾದ ಕಾಟ ಮಳೆಗಾಲ. ಮೇ ತಿಂಗಳ ಮದುವೆ ಆಲ್ಬಂ ಮುಗಿದರೆ ಶಿರಸಿ, ಸಿದ್ದಾಪುರದ ಕಡೆ ಕೆಲಸ ಇಳಿಯುತ್ತದೆ. ರಿಪ್ಲೆನಿಷರ್ ಬೀಳುವುದು ಪೇಪರ್ ಓಡಿದಷ್ಟೇ, ಆದರೆ 38 ಡಿಗ್ರಿಯಲ್ಲಿ ಕಾದು ಕೂತ ಡೆವಲಪರಿಗೆ ಗಾಳಿ ತಾಗುವುದು ದಿನವಿಡೀ. ತಿಳಿಯಾಗಿದ್ದದ್ದು ಚಹದ ಬಣ್ಣಕ್ಕೆ ತಿರುಗುತ್ತದೆ, ಕಪ್ಪಿನ ಗಾಢತೆ ಇಳಿಯುತ್ತದೆ. ನಾಲ್ಕು ಪ್ರಿಂಟಿಗಾಗಿ ದಿನಾ ಮಶೀನ್ ಕಾಯಿಸುವುದಕ್ಕಿಂತ ಆರ್ಡರ್ ಕೂಡಿಸಿ ವಾರಕ್ಕೆ ಎರಡು ದಿನ ಓಡಿಸುವುದು ಲೇಸು. ಮಟ್ಟ ಇಳಿದಿದ್ದರೆ ಗುರುತಿನವರೆಗೆ ಬರೀ ನೀರು ಹಾಕಿ, ಆವಿಯಾಗಿ ಹೋದದ್ದು ನೀರೇ. ಬಾವಿ ನೀರು ಬೇಡ. ಕಬ್ಬಿಣದ ಅಂಶವಿರುವ ನೀರು ಡೆವಲಪರನ್ನು ಬೇಗ ಕೆಡಿಸುತ್ತದೆ. ಕರಾವಳಿಯ ಬಾವಿಗಳಲ್ಲಿ ಉಪ್ಪೂ ಸೇರಿರಬಹುದು. ಆರ್‌ಒ ನೀರು ಸಾಕು.

ರಾತ್ರಿ ಮಶೀನ್ ಆರಿಸಿದ ಮೇಲೆ ಮುಚ್ಚಳ ಸ್ವಲ್ಪ ಎತ್ತಿಡಿ. ಪೂರ್ತಿ ಮುಚ್ಚಿದರೆ ಮುಚ್ಚಳದ ಒಳಗೆ ಬೆವರಿ, ಆ ಹನಿ ಎಲ್ಲೆಂದರಲ್ಲಿ ತೊಟ್ಟಿಕ್ಕುತ್ತದೆ. ಬ್ಲೀಚ್-ಫಿಕ್ಸ್ ಡೆವಲಪರಿಗೆ ಒಂದಿಷ್ಟು ಸೇರಿದರೂ ಇಡೀ ಟ್ಯಾಂಕ್ ಚೆಲ್ಲಬೇಕು. ಅದಕ್ಕೇ ಟ್ಯಾಂಕಿನೊಳಗೆ ಪೇಪರ್ ಸಾಗಿಸುವ ರೋಲರುಗಳ ರ‍್ಯಾಕ್ ತೆಗೆಯುವಾಗ ಮೊದಲು ಡೆವಲಪರಿನದು, ಅದರ ಟ್ಯಾಂಕ್ ಮುಚ್ಚಿ ಆಮೇಲೆ ಬ್ಲೀಚ್-ಫಿಕ್ಸಿನದು. ಒಂದೇ ಬಕೆಟ್ಟಿನಲ್ಲಿ ಎರಡನ್ನೂ ತೊಳೆಯುವವರಿಗೆ ಏನು ಹೇಳುವುದು!

ಪೇಪರ್ ಫ್ರಿಜ್ಜಿನಲ್ಲಿದ್ದರೆ ಪ್ಯಾಕೆಟ್ ಒಡೆಯದೆ ಹಿಂದಿನ ರಾತ್ರಿಯೇ ಹೊರಗಿಡಿ. ತಣ್ಣಗಿನ ರೋಲ್ ಕಾರವಾರದ ಗಾಳಿಗೆ ಬಿದ್ದರೆ ಬೆವರುತ್ತದೆ.

ಗೆರೆ ಬಂದಾಗ ಅದೇ ಫೋಟೋವನ್ನು 180 ಡಿಗ್ರಿ ತಿರುಗಿಸಿ ಇನ್ನೊಮ್ಮೆ ತೆಗೆಯಿರಿ. ಗೆರೆ ಫೋಟೋದ ಜೊತೆ ತಿರುಗಿದರೆ ಫೈಲಿನಲ್ಲೋ ಸ್ಕ್ಯಾನಿನಲ್ಲೋ ಇದೆ. ಪೇಪರಿನ ಅದೇ ಬದಿಯಲ್ಲಿ ಉಳಿದರೆ ಮಶೀನಿನದು. ಪೇಪರ್ ಓಡುವ ದಿಕ್ಕಿನಲ್ಲೇ ಉದ್ದಕ್ಕೂ ಬಿಳಚಿದ ಗೆರೆ ಎಂದರೆ ಸಾಮಾನ್ಯವಾಗಿ ಲೇಸರ್ ಹೊರಬರುವ ಗಾಜಿನ ಮೇಲಿನ ಧೂಳು. ಅಡ್ಡಡ್ಡ ಪಟ್ಟಿ ಬಂದರೆ ಎಕ್ಸ್‌ಪೋಜರ್ ರೋಲರಿನ ಓಟ, ಬೆಲ್ಟ್ ನೋಡಿ.

ಕಲೆ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಸ್ಕೇಲ್ ಇಟ್ಟು ಅಳೆದು 3.14ರಿಂದ ಭಾಗಿಸಿ. 75 ಮಿ.ಮೀ. ಅಂತರವಿದ್ದರೆ ಹುಡುಕಬೇಕಾದ್ದು ಸುಮಾರು 24 ಮಿ.ಮೀ. ವ್ಯಾಸದ ರೋಲರ್. ಎಷ್ಟೋ ಸಲ ಅದು ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಪೇಪರ್ ದಾಟಿಸುವ ಕ್ರಾಸ್‌ಓವರ್ ರ‍್ಯಾಕಿನಲ್ಲೇ ಸಿಗುತ್ತದೆ, ಮೇಲೆ ಹರಳುಗಟ್ಟಿದ ಕೆಮಿಕಲ್ ಅಂಟಿಸಿಕೊಂಡು. ಉಗುರುಬೆಚ್ಚಗಿನ ನೀರು, ಮೆತ್ತನೆ ಸ್ಪಂಜು ಸಾಕು. ಚಾಕುವಿನಿಂದ ಕೆರೆದರೆ ರೋಲರೇ ಪೇಪರ್ ಗೀರತೊಡಗುತ್ತದೆ.

ಗೀರಿನ ಬಣ್ಣವೂ ಸಾಕ್ಷಿ ಹೇಳುತ್ತದೆ. ಪೇಪರಿನಲ್ಲಿ ಸಯಾನ್ ಪದರ ಮೇಲೆ, ಮೆಜೆಂಟಾ ನಡುವೆ, ಹಳದಿ ಅಡಿಯಲ್ಲಿ. ಕಪ್ಪು ಭಾಗದಲ್ಲಿ ಕೆಂಪು ಗೀರು ಕಂಡರೆ ಸಯಾನ್ ಮಾತ್ರ ಎದ್ದಿದೆ, ಹಳದಿ ಕಂಡರೆ ಮೆಜೆಂಟಾವೂ ಹೋಗಿದೆ, ಬಿಳಿ ಕಂಡರೆ ತಳದವರೆಗೆ ಕಿತ್ತಿದೆ. ಪದರ ನೆಂದು ಮೆತ್ತಗಾದಾಗ ಹೀಗೆ ಏಳುವುದು ಸುಲಭ, ಹಾಗಾಗಿ ಟ್ಯಾಂಕಿನ ಗೈಡುಗಳಿಂದ ಡ್ರೈಯರಿನ ಮುಂಚಿನ ಹಿಂಡುವ ರೋಲರಿನವರೆಗೆ ಬೆರಳಾಡಿಸಿ ನೋಡಿ, ಕೈಗವಸು ಹಾಕಿಕೊಂಡು.

ಕರೆಂಟ್ ಹೋದಾಗ ಒಳಗಿದ್ದ ಪೇಪರ್ ಹೇಗೂ ದಂಡ. ಅದನ್ನು ತೆಗೆದು, ಕರೆಂಟ್ ಬಂದ ಮೇಲೆ ಟ್ಯಾಂಕ್ 38ಕ್ಕೆ ಏರಿ ಟ್ಯಾಂಕಿನ ಕೆಮಿಕಲ್ ಸುತ್ತಿಸುವ ಪಂಪ್ ಹತ್ತು ನಿಮಿಷ ಓಡುವವರೆಗೆ ಕಾಯಿರಿ. ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ.