ಹಳೇ ಬಾರಿನ ಪಕ್ಕದ ಕುರ್ಚಿ

ಯಾವ ನಗರಕ್ಕೆ ಹೋದರೂ ನಾನು ಹುಡುಕುವುದು ಅಲ್ಲಿನ ಹಳೇ ಬಾರನ್ನು. ಸವೆದ ಮೇಜು, ಮಂಕು ದೀಪ. ಪಕ್ಕದವರ ಮಾತು ಕೇಳಿಸುವಷ್ಟು ಸದ್ದು ಕಮ್ಮಿ. ನನಗೆ ಅಷ್ಟು ಸಾಕು.

ಅಲ್ಲಿ ಸಿಗುವಂಥ ಜನ ಬೇರೆಲ್ಲೂ ಒಟ್ಟಿಗೆ ಸಿಗುವುದಿಲ್ಲ. ನಿವೃತ್ತ ಗುಮಾಸ್ತ, ಪಾಳಿ ಮುಗಿಸಿದ ಡ್ರೈವರ್, ಕೇಸು ಸೋತು ಬಂದ ವಕೀಲರು. ಒಮ್ಮೆ ಪಕ್ಕದಲ್ಲಿ ಕೂತವರು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಹಿರಿಯರು. ಅಕ್ಷರಗಳನ್ನು ತಲೆಕೆಳಗಾಗಿ ಓದುವುದು ಹೇಗೆ ಅಂತ ಮೇಜಿನ ಮೇಲೆ ಬೆರಳಿನಲ್ಲಿ ಬರೆದು ತೋರಿಸಿದರು. ಅಚ್ಚುಮೊಳೆ ಬೇಡದ ಆಫ್‌ಸೆಟ್ ಮುದ್ರಣ ಬಂದ ಮೇಲೆ ಆ ಕೈಗಳಿಗೆ ಕೆಲಸವೇ ಇರಲಿಲ್ಲವಂತೆ. ಆದರೂ ಬೆರಳು ಏನನ್ನೂ ಮರೆತಿರಲಿಲ್ಲ. ನಾನು ಅವರ ಹೆಸರು ಕೇಳಲಿಲ್ಲ, ಅವರೂ ನನ್ನದನ್ನು ಕೇಳಲಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1980ರ ದಶಕದಲ್ಲೇ ಇಂಥ ಜಾಗಗಳ ಬಗ್ಗೆ ಬರೆದಿದ್ದರು. ಮನೆ ಮೊದಲನೆಯದು, ಕೆಲಸದ ಜಾಗ ಎರಡನೆಯದು, ಇದು ಮೂರನೆಯದು. ಇಲ್ಲಿ ಹುದ್ದೆ, ಸಂಬಳ ಲೆಕ್ಕಕ್ಕಿಲ್ಲ. ಮಾತೇ ಮುಖ್ಯ. ನನಗಂತೂ ಪೂರ್ತಿ ನಿಜ ಅನ್ನಿಸುತ್ತದೆ. ಎದುರುಬದುರು ಕೂತಾಗ ಬಾರದ ಮಾತು, ಕೌಂಟರಿನಲ್ಲಿ ಅಕ್ಕಪಕ್ಕ ಕೂತಾಗ ತಾನಾಗಿ ಬರುತ್ತದೆ ಅಲ್ವಾ?

ಅಲ್ಲಿ ಎಲ್ಲವೂ ಚೆಂದ ಅಂತಲ್ಲ. ಮನೆಗೆ ಹೋಗಲು ಮನಸ್ಸಿಲ್ಲದೆ ದಿನಾ ಬಂದು ಕೂರುವವರೂ ಇರುತ್ತಾರೆ. ಅವರನ್ನು ನೋಡಿದಾಗ ಸಂಕಟವಾಗುತ್ತದೆ. ಆದರೆ ಅವರು ಒಂದು ದಿನ ಬಾರದಿದ್ದರೆ "ಇವತ್ತು ಕಾಣಲಿಲ್ಲವಲ್ಲ" ಅಂತ ಕೇಳುವವರೂ ಅಲ್ಲೇ ಇರುತ್ತಾರೆ.

ನಿಮಗೆ ಗೊತ್ತಿರುವ ಅಂಥ ಜಾಗ ಇನ್ನೂ ಉಳಿದಿದ್ದರೆ ಹೇಳಿ, ಖಂಡಿತ ಬರುತ್ತೇನೆ.